ಅದು ರೆಸೊನೆನ್ಸ್ ಅಲ್ಲ, ಫ್ಲಟರ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಿಜ್ಞಾನ ಪುಟದಲ್ಲಿ ಕಂಪನದ ಬಗ್ಗೆ ಬಂದ ಲೇಖನವನ್ನು ಓದಿದೆ. ಶಾಲೆಯ ಮಕ್ಕಳಿಗೂ ತಿಳಿಯುವ ಹಾಗೆ ಬರೆದಿದ್ದಾರೆ, ಅದಕ್ಕೆ ಲೇಖಕರಿಗೆ ವಂದನೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಕಳಿಸಬಲ್ಲದು, ಅದೇ ರೆಸೊನೆನ್ಸ್ ಅಂತ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅದಾದ ಮೇಲೆ ಒಂದು ಸಾಲು ಬರುತ್ತದೆ. ಅಮೆರಿಕದ ಟಕೋಮಾ ಸೇತುವೆ ಬಿದ್ದದ್ದು, ವಿಮಾನದ ರೆಕ್ಕೆ ನಡುಗಿ ಮುರಿಯುವುದು, ಜೆಟ್ ಎಂಜಿನ್ನಿನ ಬ್ಲೇಡು ಗಾಳಿಗೆ ಅದುರಿ ಒಡೆಯುವುದು, ಇವೆಲ್ಲವೂ ಇದೇ ರೆಸೊನೆನ್ಸ್‌ನಿಂದ ಅಂತ. ಈ ಸಾಲು ತಪ್ಪು. ಇವು ಫ್ಲಟರ್, ಅಂದರೆ ಒಂದೇ ಸಮನೆ ಹರಿಯುವ ಗಾಳಿಯೇ ಶಕ್ತಿ ಕೊಟ್ಟು ಬೆಳೆಸುವ ನಡುಕ. ಈ ತಪ್ಪು ನಿಮ್ಮ ಪತ್ರಿಕೆಯದ್ದು ಮಾತ್ರ ಅಲ್ಲ. ಎಷ್ಟೋ ಪಠ್ಯಪುಸ್ತಕಗಳಲ್ಲಿ, ಎಷ್ಟೋ ತರಗತಿಗಳಲ್ಲಿ ದಶಕಗಳಿಂದ ಹೀಗೇ ಹೇಳಿಕೊಂಡು ಬಂದಿದ್ದಾರೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾದರೂ ಪೂರ್ತಿ ಬರೆಯೋಣ ಅನ್ನಿಸಿತು.

ನಾನು ಎಂಜಿನಿಯರ್ ಅಲ್ಲ. ಡಿಪ್ಲೊಮಾ ಓದಿ, ಬೆಂಗಳೂರಿನಲ್ಲಿ ಗ್ಯಾಸ್ ಟರ್ಬೈನ್ ಎಂಜಿನ್‌ಗಳ ಪರೀಕ್ಷೆ ನಡೆಯುವ ಒಂದು ಕಡೆ ತಾಂತ್ರಿಕ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನನ್ನ ಕೆಲಸ ಬ್ಲೇಡುಗಳ ಮೇಲೆ ಸ್ಟ್ರೇನ್ ಗೇಜ್ ಅಂಟಿಸುವುದು. ಗೇಜ್ ಅಂದರೆ ಬೆರಳಿನ ಉಗುರಿಗಿಂತ ಚಿಕ್ಕ ತಂತಿಯ ಜಾಲ. ಬ್ಲೇಡು ಬಾಗಿದರೆ ಆ ತಂತಿ ಎಳೆದುಕೊಳ್ಳುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅದನ್ನು ಅಳೆದರೆ ಬ್ಲೇಡು ಎಷ್ಟು ಬಾಗಿತು ಅಂತ ಗೊತ್ತಾಗುತ್ತದೆ. ಮೊದಲು ಬ್ಲೇಡಿನ ಮೈಯನ್ನು ನುಣ್ಣನೆಯ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು. ಅಸಿಟೋನ್‌ನಲ್ಲಿ ಒರೆಸಬೇಕು, ಬಟ್ಟೆ ಬೆಳ್ಳಗೆ ಬರುವ ತನಕ ಒರೆಸುತ್ತಲೇ ಇರಬೇಕು. ಗೆರೆ ಹಾಕಿ, ಗಮ್ ಹಚ್ಚಿ, ಗೇಜ್ ಕೂರಿಸಿ, ಒತ್ತಿ ಹಿಡಿದು, ಓವನ್‌ನಲ್ಲಿ ಇಡಬೇಕು. ಆಮೇಲೆ ಕೂದಲೆಳೆಯಷ್ಟು ಸಣ್ಣ ತಂತಿಯನ್ನು ಬ್ಲೇಡಿನ ಬುಡದ ತನಕ ಇಳಿಸಿ ಮುಚ್ಚಬೇಕು. ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಸುತ್ತುವಾಗ ಆ ತಂತಿ ಕಿತ್ತುಕೊಂಡು ಹೋಗಬಾರದು. ಎಷ್ಟು ಜಾಗ್ರತೆ ಮಾಡಿದರೂ ಓಟದ ಮಧ್ಯೆ ಕೆಲವು ಗೇಜ್‌ಗಳು ಸತ್ತೇ ಹೋಗುತ್ತವೆ. ಉಳಿದವು ಹೇಳಿದ್ದನ್ನು ಪರದೆಯ ಮೇಲೆ ನೋಡಬೇಕು.

ಆ ಪರದೆಯ ಮುಂದೆ ಕೂತವರಿಗೆ ರೆಸೊನೆನ್ಸ್ ಬೇರೆ, ಫ್ಲಟರ್ ಬೇರೆ ಅನ್ನುವುದು ಪುಸ್ತಕದ ಮಾತಲ್ಲ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಕಳಕಳಿ.

ಮೊದಲು ಡ್ಯಾಂಪಿಂಗ್ ಅಂದರೆ ಏನು ಅಂತ ಹೇಳಬೇಕು. ಒಂದು ಕಂಪ್ರೆಸರ್ ಬ್ಲೇಡನ್ನು (ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಬ್ಲೇಡು) ಬೆಂಚಿನ ವೈಸ್‌ಗೆ ಬುಡದಲ್ಲಿ ಬಿಗಿಯಾಗಿ ಕಚ್ಚಿಸಿ, ತುದಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಅದು ತನ್ನದೇ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಸಲ ಅಂತ, ಕಂಪಿಸುತ್ತದೆ. ಕಂಪನ ತುಂಬಾ ಹೊತ್ತು ಇರುತ್ತದೆ, ನಿಧಾನವಾಗಿ ಸಾಯುತ್ತದೆ. ಹಾಗೆ ಸಾಯಿಸುವುದೇ ಡ್ಯಾಂಪಿಂಗ್. ಪ್ರತಿ ಸಲ ಬ್ಲೇಡು ಹೋಗಿ ಬರುವಾಗ ಅದರ ಶಕ್ತಿಯಲ್ಲಿ ಒಂದಿಷ್ಟನ್ನು ಯಾರೋ ತಿನ್ನುತ್ತಿದ್ದಾರೆ ಅಂತ ಅರ್ಥ. ಟೈಟಾನಿಯಂ, ನಿಕ್ಕಲ್ ಮಿಶ್ರಲೋಹ ಇವುಗಳ ಒಳಗೆ ಹಾಗೆ ತಿನ್ನುವ ಗುಣ ಬಹಳ ಕಡಿಮೆ. ಬ್ಲೇಡಿನ ಬುಡ ಡಿಸ್ಕಿನ ಕಚ್ಚಿನಲ್ಲಿ ಕೂರುವ ಕಡೆ ಲೋಹಕ್ಕೆ ಲೋಹ ಉಜ್ಜಿ ಇನ್ನೊಂದಿಷ್ಟು ಶಕ್ತಿ ಹೋಗುತ್ತದೆ. ಈಗ ಬ್ಲೇಡು ಮತ್ತು ಡಿಸ್ಕನ್ನು ಒಂದೇ ತುಂಡಿನಲ್ಲಿ ಕೊರೆದು ಮಾಡುತ್ತಾರೆ, ಬ್ಲಿಸ್ಕ್ ಅನ್ನುತ್ತಾರೆ. ಅದರಲ್ಲಿ ಜೋಡಣೆಯೇ ಇಲ್ಲ, ಉಜ್ಜಾಟವೂ ಇಲ್ಲ. ಹಾಗಾದರೆ ಓಡುವ ಎಂಜಿನ್ನಿನಲ್ಲಿ ಬ್ಲೇಡಿನ ನಡುಕವನ್ನು ತಡೆಯುವವರು ಯಾರು? ಗಾಳಿ. ಅದರ ಸುತ್ತ ಹರಿಯುವ ಗಾಳಿಯೇ ಅದರ ದೊಡ್ಡ ರಕ್ಷಣೆ.

ಹೇಗೆ ಅಂತ ನೋಡಿ. ರೆಕ್ಕೆಯೋ ಬ್ಲೇಡೋ ಕೆಳಗೆ ಇಳಿಯುತ್ತಿದೆ ಅಂದುಕೊಳ್ಳಿ. ಆಗ ಅದರ ಪಾಲಿಗೆ ಗಾಳಿ ಸ್ವಲ್ಪ ಕೆಳಗಿನಿಂದ ಬಂದ ಹಾಗಾಗುತ್ತದೆ. ಗಾಳಿ ತಾಕುವ ಕೋನ ಹೆಚ್ಚುತ್ತದೆ. ಕೋನ ಹೆಚ್ಚಿದರೆ ಎತ್ತುವ ಬಲ ಹೆಚ್ಚುತ್ತದೆ, ಇಳಿಯುವುದನ್ನು ತಡೆಯುತ್ತದೆ. ಮೇಲೆ ಏರುವಾಗ ಇದೇ ಉಲ್ಟಾ. ಕೋನ ಕಡಿಮೆ, ಬಲ ಕಡಿಮೆ, ಏರುವುದಕ್ಕೆ ತಡೆ. ಯಾವ ಕಡೆ ಹೋದರೂ ಗಾಳಿ ಎದುರು ನಿಲ್ಲುತ್ತದೆ. ಇದನ್ನೇ ಏರೋಡೈನಮಿಕ್ ಡ್ಯಾಂಪಿಂಗ್ ಅನ್ನುವುದು. ವಿಮಾನ ಹಾರುವಾಗ ರೆಕ್ಕೆಗೆ ಒಂದು ಗಾಳಿಯ ಹೊಡೆತ ಬಿದ್ದರೆ ಅದು ಅಲುಗಿ ಬೇಗ ತಣ್ಣಗಾಗುವುದು ಇದರಿಂದಲೇ.

ಈ ರಕ್ಷಕನೇ ತಿರುಗಿ ಬೀಳುವುದು ಫ್ಲಟರ್. ಒಂದು ಆವರ್ತದಲ್ಲಿ, ಅಂದರೆ ಬ್ಲೇಡು ಒಮ್ಮೆ ಹೋಗಿ ಬರುವಷ್ಟರಲ್ಲಿ, ಗಾಳಿ ಬ್ಲೇಡಿನಿಂದ ಶಕ್ತಿ ತೆಗೆದುಕೊಳ್ಳುವ ಬದಲು ಬ್ಲೇಡಿಗೆ ಶಕ್ತಿ ಕೊಡಲು ಶುರು ಮಾಡುತ್ತದೆ. ಡ್ಯಾಂಪಿಂಗ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಲೋಹದ ಒಳಗಿನ ಮತ್ತು ಜೋಡಣೆಯ ಡ್ಯಾಂಪಿಂಗ್ ಅದನ್ನು ಸರಿದೂಗಿಸದಿದ್ದರೆ ಪ್ರತಿ ಆವರ್ತಕ್ಕೂ ನಡುಕ ಬೆಳೆಯುತ್ತಲೇ ಹೋಗುತ್ತದೆ. ಉದಾಹರಣೆಗೆ ಲೆಕ್ಕ ಹಾಕಿ. ಸೆಕೆಂಡಿಗೆ 500 ಸಲ ಕಂಪಿಸುವ ಬ್ಲೇಡು, ಪ್ರತಿ ಸಲಕ್ಕೂ ಬರೀ ಶೇ 2ರಷ್ಟು ಜಾಸ್ತಿ ಬಾಗುತ್ತಾ ಹೋದರೆ ಸುಮಾರು 35 ಕಂಪನಗಳಲ್ಲಿ ಎರಡರಷ್ಟಾಗುತ್ತದೆ. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ.

ನಿಮ್ಮ ಲೇಖಕರ ಉಯ್ಯಾಲೆಯನ್ನೇ ತೆಗೆದುಕೊಳ್ಳೋಣ. ರೆಸೊನೆನ್ಸ್‌ನಲ್ಲಿ ತಳ್ಳುವವನಿಗೆ ತನ್ನದೇ ತಾಳ ಇದೆ. ಉಯ್ಯಾಲೆ ನಿಂತಿದ್ದರೂ ಅವನು ಆ ತಾಳಕ್ಕೆ ತಳ್ಳುತ್ತಲೇ ಇರುತ್ತಾನೆ. ಅವನ ತಾಳ ಉಯ್ಯಾಲೆಯ ತಾಳಕ್ಕೆ ಕೂಡಿಕೊಂಡರೆ ಮಾತ್ರ ಅಪಾಯ. ಫ್ಲಟರ್‌ನಲ್ಲಿ ಗಾಳಿಗೆ ತಾಳವೇ ಇಲ್ಲ. ಅದು ಒಂದೇ ಸಮನೆ ಬೀಸುತ್ತಿದೆ. ಯಾವಾಗ ತಳ್ಳಬೇಕು ಅನ್ನುವುದನ್ನು ಉಯ್ಯಾಲೆಯ ಚಲನೆಯೇ ತೀರ್ಮಾನಿಸುತ್ತದೆ. ಉಯ್ಯಾಲೆ ನಿಂತರೆ ತಳ್ಳುವುದೂ ನಿಲ್ಲುತ್ತದೆ. ಎರಡರಲ್ಲೂ ಕೊನೆಗೆ ಕಾಣುವುದು ಜೋರಾದ ತೂಗಾಟವೇ ಆದ್ದರಿಂದ ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ.

ಗಾಳಿ ಹೀಗೆ ತಿರುಗಿ ಬೀಳಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ವಿಮಾನದ ರೆಕ್ಕೆಯಲ್ಲಿ ಹೆಚ್ಚಾಗಿ ನಡೆಯುವುದು ಬಾಗುವಿಕೆ ಮತ್ತು ತಿರುಚುವಿಕೆ ಕೈಜೋಡಿಸುವುದು. ರೆಕ್ಕೆ ಮೇಲೆ ಕೆಳಗೆ ಬಾಗುವುದರ ಜೊತೆಗೆ ತನ್ನ ಉದ್ದಕ್ಕೂ ತಿರುಚಿಕೊಳ್ಳುತ್ತದೆ ಕೂಡ. ಕಡಿಮೆ ವೇಗದಲ್ಲಿ ಇವೆರಡರ ಆವರ್ತನ ಬೇರೆ ಬೇರೆ. ವೇಗ ಹೆಚ್ಚಾದ ಹಾಗೆ ಗಾಳಿಯ ಬಲ ಸೇರಿಕೊಂಡು ಅವು ಹತ್ತಿರ ಬರುತ್ತವೆ. ಒಂದು ವೇಗದಲ್ಲಿ ಎರಡೂ ಒಂದೇ ಆವರ್ತನಕ್ಕೆ ಸೇರಿ, ಒಂದರ ಹಿಂದೆ ಒಂದು ಸುಮಾರು ಕಾಲು ಆವರ್ತದಷ್ಟು ಅಂತರದಲ್ಲಿ ನಡೆಯುತ್ತವೆ. ಆಗ ರೆಕ್ಕೆ ಏರುತ್ತಿರುವಾಗ ಅದರ ಮುಂದಂಚು ಮೇಲಕ್ಕೆ ತಿರುಗಿರುತ್ತದೆ, ಇಳಿಯುತ್ತಿರುವಾಗ ಕೆಳಕ್ಕೆ ತಿರುಗಿರುತ್ತದೆ. ಏರುವಾಗಲೂ ಇಳಿಯುವಾಗಲೂ ಗಾಳಿ ಹೋಗುವ ಕಡೆಗೇ ತಳ್ಳುತ್ತದೆ. ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿ ಸ್ಟಾಲ್. ಗಾಳಿ ತಾಕುವ ಕೋನ ಮಿತಿ ಮೀರಿದರೆ ಹರಿವು ಬ್ಲೇಡಿನ ಬೆನ್ನಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೋನ ಹೆಚ್ಚಿದರೆ ಎತ್ತುವ ಬಲ ಹೆಚ್ಚುವ ಬದಲು ಇಳಿಯಬಹುದು. ಆಗ ನಾನು ಮೇಲೆ ಹೇಳಿದ ತಡೆಯುವ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಇಲ್ಲಿ ತಿರುಚುವಿಕೆಯ ಸಹಾಯವೂ ಬೇಡ.

ಇದನ್ನೆಲ್ಲ ಈಚೆಗೆ ಕಂಡುಕೊಂಡಿದ್ದಾರೆ ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರ್ ವಿಮಾನದ ಬಾಲ ಭಯಂಕರವಾಗಿ ತಿರುಚಿಕೊಳ್ಳುತ್ತಿತ್ತು. ಕಾರಣ ಹುಡುಕಲು ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರನ್ನು ಕರೆದರು. ಎಡ ಬಲದ ಎಲಿವೇಟರ್‌ಗಳು (ವಿಮಾನದ ಮೂಗನ್ನು ಏರಿಸಿ ಇಳಿಸಲು ಬಾಲದಲ್ಲಿರುವ ಆಡುವ ಹಲಗೆಗಳು) ಒಂದಕ್ಕೊಂದು ಗಟ್ಟಿಯಾಗಿ ಜೋಡಿಸಿರಲಿಲ್ಲ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಹೋಗಬಹುದಿತ್ತು. ಲ್ಯಾಂಚೆಸ್ಟರ್ ಸ್ಪಷ್ಟವಾಗಿ ಹೇಳಿದ್ದು ಇದು: ಎಂಜಿನ್ನಿನ ನಡುಕ ಬಾಲಕ್ಕೆ ತಾಳ ಕೂಡಿಸಿದ್ದಲ್ಲ, ಈ ಕಂಪನ ತನ್ನನ್ನು ತಾನೇ ಸಾಕಿಕೊಳ್ಳುತ್ತಿದೆ. ಎರಡೂ ಎಲಿವೇಟರ್‌ಗಳನ್ನು ಒಂದು ಗಟ್ಟಿ ಕೊಳವೆಯಿಂದ ಜೋಡಿಸಿದರೆ ನಿಲ್ಲುತ್ತದೆ ಅಂದರು. ನೂರು ವರ್ಷಕ್ಕೂ ಹಿಂದೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಈ ಎರಡನ್ನು ಬೇರೆ ಮಾಡಿ ನೋಡಿದ್ದರು. ಆಮೇಲೆ 1935ರಲ್ಲಿ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದಲ್ಲಿ ಥಿಯೋಡೋರ್ ಥಿಯೋಡೋರ್ಸನ್ ರೆಕ್ಕೆಯ ಫ್ಲಟರ್‌ಗೆ ಪೂರ್ತಿ ಗಣಿತವನ್ನೇ ಬರೆದುಕೊಟ್ಟರು. ವಿಮಾನದವರು ಅದನ್ನು ಕೈಗೆತ್ತಿಕೊಂಡರು. ಸೇತುವೆ ಕಟ್ಟುವವರ ಗಮನ ಆ ಕಡೆ ಹೋಗಲಿಲ್ಲ.

ಐದು ವರ್ಷದ ಮೇಲೆ ಟಕೋಮಾ. ಈ ಸೇತುವೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪು ಹರಡಿದ್ದು ಇದರಿಂದಲೇ. ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆ 1940ರ ಜುಲೈ 1ರಂದು ತೆರೆಯಿತು. ನಡುವಿನ ಹರವು 853 ಮೀಟರ್, ಅಗಲ ಸುಮಾರು 12 ಮೀಟರ್ ಮಾತ್ರ. ಅಷ್ಟು ಉದ್ದಕ್ಕೆ ಅಷ್ಟು ಕಿರಿದು. ಎರಡೂ ಪಕ್ಕದಲ್ಲಿ 2.4 ಮೀಟರ್ ಎತ್ತರದ ಗಟ್ಟಿ ಉಕ್ಕಿನ ಹಲಗೆ. ಗಾಳಿ ತೂರಿ ಹೋಗಲು ಜಾಗವೇ ಇಲ್ಲ. ಮೊದಲಿನಿಂದಲೂ ಅದು ಮೇಲೆ ಕೆಳಗೆ ಅಲೆಯುತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಫಾರ್ಕರ್ಸನ್ ಮಾದರಿ ಮಾಡಿ ಪರೀಕ್ಷೆ ಮಾಡುತ್ತಿದ್ದರು, ಪರಿಹಾರವನ್ನೂ ಸೂಚಿಸಿದ್ದರು. ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ನವೆಂಬರ್ 7 ಬಂತು.

ಆ ಬೆಳಿಗ್ಗೆ ಗಾಳಿ ಗಂಟೆಗೆ ಸುಮಾರು 67 ಕಿಲೋಮೀಟರ್. ದೊಡ್ಡ ಬಿರುಗಾಳಿ ಏನೂ ಅಲ್ಲ. ಹತ್ತು ಗಂಟೆಯ ಹೊತ್ತಿಗೆ ನಡುವಿನಲ್ಲಿ ಕೇಬಲ್ ಹಿಡಿದಿದ್ದ ಒಂದು ಪಟ್ಟಿ ಜಾರಿತು. ಅಲ್ಲಿಯ ತನಕ ಮೇಲೆ ಕೆಳಗೆ ಅಲೆಯುತ್ತಿದ್ದ ರಸ್ತೆ ಇದ್ದಕ್ಕಿದ್ದ ಹಾಗೆ ತಿರುಚಿಕೊಳ್ಳಲು ಶುರುವಾಯಿತು. ನಿಮಿಷಕ್ಕೆ ಸುಮಾರು 12 ಸಲ, ಅಂದರೆ ಸೆಕೆಂಡಿಗೆ 0.2. ಕಾರಿನಲ್ಲಿ ಸಿಕ್ಕಿಹಾಕಿಕೊಂಡ ಪತ್ರಕರ್ತ ಲಿಯೊನಾರ್ಡ್ ಕೋಟ್ಸ್‌ವರ್ತ್ ತೆವಳಿಕೊಂಡು ಪಾರಾದರು, ಕಾರಿನಲ್ಲಿದ್ದ ಅವರ ನಾಯಿ ಟಬ್ಬಿ ಉಳಿಯಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಸೇತುವೆ ನೀರಿಗೆ ಬಿತ್ತು.

ರೆಸೊನೆನ್ಸ್ ಅನ್ನುವವರು ಸಾಮಾನ್ಯವಾಗಿ ಹೇಳುವುದು ಹೀಗೆ: ಸೇತುವೆಯ ಹಿಂದೆ ಗಾಳಿ ಸುಳಿಗಳನ್ನು ಬಿಡುತ್ತದೆ, ಆ ಸುಳಿಗಳ ತಾಳ ಸೇತುವೆಯ ತಾಳಕ್ಕೆ ಕೂಡಿತು. ಸರಿ, ಲೆಕ್ಕ ಹಾಕಿ ನೋಡೋಣ. ಆ ಎತ್ತರದ ಹಲಗೆಗೆ ಆ ವೇಗದ ಗಾಳಿಯಲ್ಲಿ ಸುಳಿಗಳು ಸೆಕೆಂಡಿಗೆ ಸುಮಾರು 1 ಸಲ ಬಿಡುತ್ತವೆ. ಸೇತುವೆ ತಿರುಚಿಕೊಂಡದ್ದು ಸೆಕೆಂಡಿಗೆ 0.2 ಸಲ. ಐದು ಪಟ್ಟು ವ್ಯತ್ಯಾಸ. ತಾಳ ಕೂಡಲೇ ಇಲ್ಲ! ಯೂಸುಫ್ ಬಿಲ್ಲಾ ಮತ್ತು ರಾಬರ್ಟ್ ಸ್ಕ್ಯಾನ್ಲನ್ 1991ರಲ್ಲಿ ಅಮೆರಿಕದ ಭೌತಶಾಸ್ತ್ರ ಶಿಕ್ಷಕರ ಪತ್ರಿಕೆಯಲ್ಲಿ ಇದನ್ನೇ ಬರೆದರು. ಕಾಲೇಜಿನ ಭೌತಶಾಸ್ತ್ರದ ಪುಸ್ತಕಗಳು ಟಕೋಮಾವನ್ನು ರೆಸೊನೆನ್ಸ್‌ಗೆ ಉದಾಹರಣೆ ಕೊಡುವುದು ತಪ್ಪು, ಸೇತುವೆಯನ್ನು ಮುರಿದದ್ದು ತಿರುಚುವ ಚಲನೆಗೆ ಗಾಳಿಯ ಡ್ಯಾಂಪಿಂಗ್ ಋಣಾತ್ಮಕವಾದದ್ದು ಅಂತ ತೋರಿಸಿದರು. ಆ ಬರಹ ಬಂದು ಮೂರು ದಶಕ ದಾಟಿತು. ನಮ್ಮ ಮಕ್ಕಳಿಗೆ ಇನ್ನೂ ಹಳೆಯ ಪಾಠವೇ ನಡೆಯುತ್ತಿದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

1950ರಲ್ಲಿ ಅದೇ ಜಾಗದಲ್ಲಿ ಹೊಸ ಸೇತುವೆ ಕಟ್ಟಿದಾಗ ಏನು ಮಾಡಿದರು ಅಂತ ನೋಡಿದರೆ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. ಮುಚ್ಚಿದ ಹಲಗೆ ತೆಗೆದು, ಗಾಳಿ ತೂರಿ ಹೋಗುವ, ಸುಮಾರು 10 ಮೀಟರ್ ಎತ್ತರದ ಉಕ್ಕಿನ ಚೌಕಟ್ಟು ಹಾಕಿದರು. ತಿರುಚುವುದಕ್ಕೆ ಸುಲಭವಾಗಿ ಬಗ್ಗದಷ್ಟು ಗಟ್ಟಿ ಮಾಡಿದರು. ಗಾಳಿ ಸೇತುವೆಗೆ ಶಕ್ತಿ ಕೊಡುವ ದಾರಿಯನ್ನೇ ಮುಚ್ಚಿದರು.

ವಿಮಾನಗಳಲ್ಲಿ ಗಣಿತ ಗೊತ್ತಿದ್ದ ಮೇಲೂ ಅನಾಹುತ ಆಗಿದೆ. ಲಾಕ್‌ಹೀಡ್ ಎಲೆಕ್ಟ್ರಾ ಅನ್ನುವ ನಾಲ್ಕು ಪ್ರೊಪೆಲರ್‌ಗಳ ಪ್ರಯಾಣಿಕ ವಿಮಾನ 1959ರ ಸೆಪ್ಟೆಂಬರ್ 29ರಂದು ಟೆಕ್ಸಾಸ್‌ನಲ್ಲಿ ಆಕಾಶದಲ್ಲೇ ರೆಕ್ಕೆ ಕಳಚಿ ಬಿತ್ತು, 34 ಜನ ಸತ್ತರು. ಆರು ತಿಂಗಳೂ ಆಗಿರಲಿಲ್ಲ, 1960ರ ಮಾರ್ಚ್ 17ರಂದು ಇಂಡಿಯಾನಾದಲ್ಲಿ ಇನ್ನೊಂದು, 63 ಜನ. ಎಂಜಿನ್ ಕೂರಿಸಿದ ಆಧಾರ ಸಡಿಲವಾಗಿದ್ದರೆ, ತಿರುಗುವ ಪ್ರೊಪೆಲರ್ ಬುಗುರಿ ಓಲಾಡುವಂತೆ ತನ್ನ ಅಕ್ಷವನ್ನೇ ಸುತ್ತಿಸತೊಡಗುತ್ತದೆ. ಹಾಗೆ ಓಲಾಡುವಾಗ ಪ್ರೊಪೆಲರ್ ಬ್ಲೇಡುಗಳ ಮೇಲಿನ ಗಾಳಿಯೇ ಅದಕ್ಕೆ ಶಕ್ತಿ ಕೊಡುತ್ತದೆ. ಓಲಾಟ ಬೆಳೆದು ರೆಕ್ಕೆಯನ್ನು ಎಳೆದಾಡುತ್ತದೆ. ಇದನ್ನು ವರ್ಲ್ ಫ್ಲಟರ್ ಅನ್ನುತ್ತಾರೆ. ನಾಸಾದ ಲ್ಯಾಂಗ್ಲಿ ಕೇಂದ್ರದ ವಿಂಡ್ ಟನಲ್‌ನಲ್ಲಿ (ಗಾಳಿ ಬೀಸಿ ಪರೀಕ್ಷೆ ಮಾಡುವ ಸುರಂಗ) ಮಾದರಿಯನ್ನು ಇಟ್ಟು ಇದನ್ನು ಖಚಿತ ಮಾಡಿಕೊಂಡರು. ಅಲ್ಲಿಯ ತನಕ ಉಳಿದ ಎಲೆಕ್ಟ್ರಾಗಳ ವೇಗಕ್ಕೆ ಮಿತಿ ಹಾಕಿದ್ದರು. ಆಮೇಲೆ ಎಂಜಿನ್ ಆಧಾರಗಳನ್ನು ಗಟ್ಟಿ ಮಾಡಿದರು. ಗಮನಿಸಿ, ವೇಗ ಕಡಿಮೆ ಮಾಡಿಸಿದರು. ಫ್ಲಟರ್ ಒಂದು ವೇಗದ ಗಡಿ ದಾಟಿದ ಮೇಲೆ ಬರುವುದು. ಅದರಾಚೆ ಇನ್ನೂ ಜೋರಾಗಿ ಹೋದರೆ ತಪ್ಪಿಸಿಕೊಳ್ಳಬಹುದು ಅಂತ ಲೆಕ್ಕ ಹಾಕುವ ಹಾಗಿಲ್ಲ.

ಈಗ ನನ್ನ ಬ್ಲೇಡುಗಳಿಗೆ ಬರುತ್ತೇನೆ. ಎಂಜಿನ್ನಿನಲ್ಲಿ ರೆಸೊನೆನ್ಸ್ ಇಲ್ಲವೇ ಇಲ್ಲ ಅಂತಲ್ಲ. ಖಂಡಿತ ಇದೆ. ಮುಂದಿನ ನಿಶ್ಚಲ ಬ್ಲೇಡುಗಳ ಹಿಂದೆ ಬೀಳುವ ಗಾಳಿಯ ಗೆರೆಗಳನ್ನು ತಿರುಗುವ ಬ್ಲೇಡು ಪ್ರತಿ ಸುತ್ತಿಗೂ ಇಷ್ಟು ಸಲ ಅಂತ ದಾಟುತ್ತದೆ. ನಿಮಿಷಕ್ಕೆ 10 ಸಾವಿರ ಸುತ್ತು ಅಂದರೆ ಸೆಕೆಂಡಿಗೆ ಸುಮಾರು 167. ಅದರ ಎರಡರಷ್ಟು 333, ಮೂರರಷ್ಟು 500. ಬ್ಲೇಡಿನ ಸ್ವಂತ ಆವರ್ತನ 500 ಆಗಿದ್ದರೆ ಆ ವೇಗದಲ್ಲಿ ಅದು ಜೋರಾಗಿ ಅಲುಗುತ್ತದೆ. ಇದು ಅಪ್ಪಟ ರೆಸೊನೆನ್ಸ್. ಯಾವ ವೇಗದಲ್ಲಿ ಸುತ್ತಿನ ಲೆಕ್ಕದ ಗೆರೆ ಬ್ಲೇಡಿನ ಆವರ್ತನದ ಗೆರೆಯನ್ನು ಕತ್ತರಿಸುತ್ತದೆ ಅಂತ ಮೊದಲೇ ಚಿತ್ರ ಬರೆದುಕೊಳ್ಳುತ್ತಾರೆ, ಅದಕ್ಕೆ ಕ್ಯಾಂಬೆಲ್ ಡಯಾಗ್ರಾಂ ಅಂತ ಹೆಸರು. ಆ ವೇಗವನ್ನು ಬೇಗ ದಾಟಿ ಹೋದರೆ ಆಯಿತು, ಅಲುಗಾಟ ಇಳಿಯುತ್ತದೆ. ಎಂಜಿನ್ ನಡೆಸುವವರು ಅಲ್ಲಿ ನಿಲ್ಲುವುದೇ ಇಲ್ಲ.

ಫ್ಲಟರ್ ಬಂದರೆ ಪರದೆಯ ಮೇಲೆ ಕಾಣುವುದೇ ಬೇರೆ. 333 ಮತ್ತು 500ರ ನಡುವೆ ಎಲ್ಲೋ, ಉದಾಹರಣೆಗೆ 440ರ ಹತ್ತಿರ, ಸುತ್ತಿನ ಯಾವ ಲೆಕ್ಕಕ್ಕೂ ಸಿಗದ ಒಂದು ಗೆರೆ ಏಳುತ್ತದೆ. ವೇಗ ಸ್ವಲ್ಪ ಬದಲಾಯಿಸಿದರೂ ಅದು ಅಲ್ಲಿಯೇ ಇರುತ್ತದೆ. ಏಕೆಂದರೆ ಅದು ಬ್ಲೇಡಿನ ಸ್ವಂತ ಆವರ್ತನ, ಅದನ್ನು ಆಡಿಸುತ್ತಿರುವುದು ಸುತ್ತು ಅಲ್ಲ, ಬ್ಲೇಡಿನ ಚಲನೆಯೇ. ಅಕ್ಕಪಕ್ಕದ ಬ್ಲೇಡುಗಳ ಗೇಜ್‌ಗಳು ಕೂಡ ಅದೇ ಆವರ್ತನದಲ್ಲಿ, ಒಂದರ ಹಿಂದೆ ಒಂದು ಒಂದೇ ಅಂತರದಲ್ಲಿ ಆಡುತ್ತವೆ. ಇದನ್ನು ನೋಡಿಯೂ 'ರೆಸೊನೆನ್ಸ್ ಇರಬೇಕು, ಬೇಗ ವೇಗ ಹೆಚ್ಚಿಸಿ ದಾಟಿಬಿಡೋಣ' ಅಂತ ಯಾರಾದರೂ ಅಂದುಕೊಂಡರೆ ಏನಾಗಬಹುದು ಊಹಿಸಿ. ಅಲ್ಲಿ ಮಾಡಬೇಕಾದ್ದು ಕೂಡಲೇ ಹಿಂದಕ್ಕೆ ಬರುವುದು. ಪಠ್ಯಪುಸ್ತಕದ ಒಂದು ಸಾಲಿನ ತಪ್ಪು ಯಾರಿಗೂ ತೊಂದರೆ ಮಾಡುವುದಿಲ್ಲ ಅನ್ನುವವರಿಗೆ ನಾನು ಈ ಜಾಗ ತೋರಿಸುತ್ತೇನೆ.

ಬ್ಲೇಡು ಒಮ್ಮೆಗೇ ಮುರಿಯಬೇಕು ಅಂತಲೂ ಇಲ್ಲ. ಸೆಕೆಂಡಿಗೆ 500 ಸಲ ಬಾಗುವ ಬ್ಲೇಡು ಒಂದು ಕೋಟಿ ಸಲ ಬಾಗಲು ಐದೂವರೆ ಗಂಟೆ ಸಾಕು. ಕಣ್ಣಿಗೆ ಕಾಣದಷ್ಟು ಬಾಗಿದರೂ ಅಷ್ಟು ಸಲ ಆದರೆ ಲೋಹ ದಣಿದು ಬಿರುಕು ಬಿಡಬಹುದು.

ಬ್ಲೇಡುಗಳ ಸಾಲಿನಲ್ಲಿ ಇನ್ನೊಂದು ವಿಶೇಷ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ವಿಮಾನದ ರೆಕ್ಕೆ ಒಂಟಿ. ಬ್ಲೇಡಿಗೆ ನೆರೆಯವರಿದ್ದಾರೆ. ಒಂದು ಬ್ಲೇಡು ಅಲುಗಿದರೆ ಅದು ಎಬ್ಬಿಸಿದ ಒತ್ತಡ ಪಕ್ಕದ ಬ್ಲೇಡಿಗೆ ತಾಕುತ್ತದೆ. ಪಕ್ಕದ್ದು ತಿರುಗಿ ಇದಕ್ಕೆ ತಾಕಿಸುತ್ತದೆ. 30 ಬ್ಲೇಡುಗಳ ಚಕ್ರ ಅಂದುಕೊಳ್ಳಿ. ಎಲ್ಲವೂ ಒಟ್ಟಿಗೆ ಅಲುಗಬಹುದು. ಅಥವಾ ಪ್ರತಿಯೊಂದೂ ಹಿಂದಿನದಕ್ಕಿಂತ 12 ಡಿಗ್ರಿ ತಡವಾಗಿ (ಒಂದು ಪೂರ್ತಿ ಕಂಪನ ಅಂದರೆ 360 ಡಿಗ್ರಿ), ಇಲ್ಲವೇ 24 ಡಿಗ್ರಿ ತಡವಾಗಿ, ಹೀಗೆ ಒಟ್ಟು 30 ಬಗೆಗಳಲ್ಲಿ ಅಲೆ ಚಕ್ರದ ಸುತ್ತ ಓಡಬಹುದು. 1956ರಲ್ಲಿ ಲೇನ್ ಅನ್ನುವವರು ಇದನ್ನು ಲೆಕ್ಕಕ್ಕೆ ತಂದರು. ಈ 30 ಬಗೆಗಳಲ್ಲಿ ಒಂದೊಂದಕ್ಕೂ ಗಾಳಿಯ ಡ್ಯಾಂಪಿಂಗ್ ಬೇರೆ. 29ರಲ್ಲಿ ಗಾಳಿ ತಡೆಯುತ್ತಿದ್ದು, ಉಳಿದ ಒಂದರಲ್ಲಿ ಮಾತ್ರ ತಳ್ಳಿದರೂ ಚಕ್ರ ಆ ಒಂದನ್ನೇ ಹಿಡಿದು ಫ್ಲಟರ್‌ಗೆ ಹೋಗುತ್ತದೆ. ಹಾಗಾಗಿ ಸರಾಸರಿ ನೋಡಿ ಸಮಾಧಾನ ಪಡುವ ಹಾಗಿಲ್ಲ, ಎಲ್ಲಕ್ಕಿಂತ ಕೆಟ್ಟದ್ದನ್ನು ಹುಡುಕಬೇಕು. 1967ರಲ್ಲಿ ಫ್ರ್ಯಾಂಕ್ಲಿನ್ ಕಾರ್ಟಾ ಇದಕ್ಕೆ ಒಂದು ನೇರವಾದ ವಿಧಾನ ಕೊಟ್ಟರು. ಒಂದು ಆವರ್ತದಲ್ಲಿ ಗಾಳಿ ಬ್ಲೇಡಿನ ಮೇಲೆ ಮಾಡಿದ ಕೆಲಸವನ್ನು ಬುಡದಿಂದ ತುದಿಯ ತನಕ ಕೂಡಿಸಿ, ಲೋಹ ಮತ್ತು ಜೋಡಣೆ ತಿನ್ನುವ ಶಕ್ತಿಯ ಜೊತೆ ಹೋಲಿಸಿ ನೋಡಿ ಅಂದರು. ಇವತ್ತಿಗೂ ದೊಡ್ಡ ದೊಡ್ಡ ಕಂಪ್ಯೂಟರ್ ಲೆಕ್ಕಗಳ ತಳದಲ್ಲಿ ಆ ಯೋಚನೆಯೇ ಇದೆ.

ಎಲ್ಲಾ ಬ್ಲೇಡುಗಳೂ ತದ್ರೂಪವಾಗಿರುವುದು ಒಳ್ಳೆಯದು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಫ್ಲಟರ್ ವಿಷಯದಲ್ಲಿ ಅದು ಉಲ್ಟಾ. ಒಂದು ಬಿಟ್ಟು ಒಂದು ಬ್ಲೇಡಿನ ಆವರ್ತನವನ್ನು ಬೇಕೆಂದೇ ಕೊಂಚ ಬೇರೆ ಮಾಡಿದರೆ ಅವು ಒಟ್ಟಿಗೆ ಅಲೆ ಕಟ್ಟುವುದು ಕಷ್ಟವಾಗುತ್ತದೆ, ಫ್ಲಟರ್ ದೂರ ಹೋಗುತ್ತದೆ. ಹಳೆಯ ಎಂಜಿನ್‌ಗಳ ಉದ್ದನೆಯ ಫ್ಯಾನ್ ಬ್ಲೇಡುಗಳಲ್ಲಿ ನಡುವೆ ಎರಡೂ ಕಡೆ ಸಣ್ಣ ಚಾಚು ಇರುತ್ತಿತ್ತು. ಎಂಜಿನ್ ತಿರುಗುವಾಗ ಅಕ್ಕಪಕ್ಕದ ಚಾಚುಗಳು ಒಂದಕ್ಕೊಂದು ಒತ್ತಿಕೊಂಡು ಬ್ಲೇಡುಗಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು, ಉಜ್ಜಿ ಡ್ಯಾಂಪಿಂಗ್ ಕೂಡ ಕೊಡುತ್ತಿದ್ದವು. ಆದರೆ ಗಾಳಿಯ ದಾರಿಗೆ ಅಡ್ಡ, ಇಂಧನ ಜಾಸ್ತಿ ಬೇಕು. 1984ರಲ್ಲಿ ಬಳಕೆಗೆ ಬಂದ ರೋಲ್ಸ್ ರಾಯ್ಸ್‌ನ ಆರ್‌ಬಿ 211-535ಇ4 ಎಂಜಿನ್ನಿನಲ್ಲಿ ಬ್ಲೇಡನ್ನೇ ಅಗಲ ಮಾಡಿ, ಒಳಗೆ ಟೊಳ್ಳಾಗಿಸಿ, ಈ ಚಾಚು ಇಲ್ಲದೆಯೇ ಸಾಕಷ್ಟು ಗಟ್ಟಿ ಮಾಡಿದರು. ವಿಮಾನ ನಿಲ್ದಾಣದ ಕಿಟಕಿಯಿಂದ ನೀವು ಈಗ ನೋಡುವ ದೊಡ್ಡ ಎಂಜಿನ್‌ಗಳ ಅಗಲವಾದ, ಬಾಗಿದ ಬ್ಲೇಡುಗಳ ಹಿಂದೆ ಫ್ಲಟರ್ ವಿರುದ್ಧದ ಇಷ್ಟು ವರ್ಷಗಳ ಕೆಲಸ ಇದೆ.

ಇದು ವಿಮಾನದವರ ವಿಷಯ, ನಮಗೇನು ಅಂತ ಕೇಳುವ ಓದುಗರೂ ಇರಬಹುದು. ಚಿತ್ರದುರ್ಗದ ಕಡೆಯಿಂದ, ಗದಗದ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ಅವುಗಳ ಬ್ಲೇಡೂ ಒಂದು ರೆಕ್ಕೆಯೇ. 1990ರ ದಶಕದಲ್ಲಿ ಯುರೋಪಿನಲ್ಲಿ, ಜೋರು ಗಾಳಿಯಲ್ಲಿ ಸ್ಟಾಲ್ ಆಗಿ ತಾನೇ ಶಕ್ತಿಯನ್ನು ಮಿತಿಗೊಳಿಸಿಕೊಳ್ಳುವ ಬಗೆಯ 500, 600 ಕಿಲೋವ್ಯಾಟ್ ಯಂತ್ರಗಳು ದೊಡ್ಡದಾದಾಗ ಕೆಲವು ಬ್ಲೇಡುಗಳು ಅಂಚಿನ ದಿಕ್ಕಿಗೆ ಜೋರಾಗಿ ಕಂಪಿಸಿದವು. ಸ್ಟಾಲ್‌ನಲ್ಲಿ ಗಾಳಿಯ ಡ್ಯಾಂಪಿಂಗ್ ಋಣಾತ್ಮಕವಾದದ್ದೇ ಕಾರಣ. ಅಂಚಿಗೆ ಪಟ್ಟಿ ಅಂಟಿಸಿದರು, ಬ್ಲೇಡಿನ ಒಳಗೆ ಡ್ಯಾಂಪರ್ ಇಟ್ಟರು. ಈಗಿನ ದೊಡ್ಡ ಯಂತ್ರಗಳಲ್ಲಿ ಬ್ಲೇಡನ್ನೇ ಬುಡದಿಂದ ತಿರುಗಿಸಿ ಕೋನ ಬದಲಾಯಿಸುತ್ತಾರೆ. ಬ್ಲೇಡುಗಳು ಉದ್ದವಾದಷ್ಟೂ ತೆಳ್ಳಗೆ, ಬಳುಕುವ ಹಾಗೆ ಆಗುತ್ತವೆ. ನಮ್ಮ ಜಿಲ್ಲೆಗಳ ಪಾಲಿಟೆಕ್ನಿಕ್‌ನಲ್ಲಿ ಓದಿದ ಹುಡುಗ ಹುಡುಗಿಯರು ಇವುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿಂಡ್ ಟನಲ್‌ಗಳಿವೆ, ತೇಜಸ್ ಮೊದಲು ಹಾರಿದ್ದೂ 2001ರಲ್ಲಿ ಇದೇ ಊರಿನಿಂದ. ಹೊಸ ವಿಮಾನದ ವೇಗವನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ, ಪ್ರತಿ ಹೆಜ್ಜೆಯಲ್ಲೂ ಡ್ಯಾಂಪಿಂಗ್ ಎಷ್ಟು ಉಳಿದಿದೆ ಅಂತ ನೋಡುವವರು ಇರುವ ಊರು ಇದು. ಇಂಥ ಊರಿನ ಪತ್ರಿಕೆಯಲ್ಲಿ ಈ ವಿಷಯ ಸರಿಯಾಗಿ ಬರಲಿ ಅಂತ ಕೇಳುವುದು ಹೆಚ್ಚೇನಲ್ಲ.

ನನ್ನ ಕೋರಿಕೆ ಎರಡು. ಮುಂದಿನ ವಿಜ್ಞಾನ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ರೆಸೊನೆನ್ಸ್‌ಗೆ ಉದಾಹರಣೆ ಬೇಕಿದ್ದರೆ ಉಯ್ಯಾಲೆ ಸಾಕು, ರೇಡಿಯೊ ಟ್ಯೂನಿಂಗ್ ಕೊಡಿ. ಟಕೋಮಾವನ್ನು ಫ್ಲಟರ್ ಪಾಠಕ್ಕೆ ಬಿಡಿ.

ಎರಡನೆಯದು ಪಿಯು ಕಾಲೇಜಿನ ಶಿಕ್ಷಕರಿಗೆ. ಫ್ಲಟರನ್ನು ತರಗತಿಯಲ್ಲೇ ತೋರಿಸಬಹುದು, ದುಬಾರಿ ಸಾಮಾನು ಬೇಡ. ಒಂದು ಅಡಿ ಉದ್ದ, ನಾಲ್ಕು ಇಂಚು ಅಗಲದ ತೆಳು ಥರ್ಮಾಕೋಲ್ ಹಾಳೆ ಕತ್ತರಿಸಿ. ಮುಂದಂಚಿನಿಂದ ಮೂರನೇ ಒಂದು ಭಾಗದ ದೂರದಲ್ಲಿ ಉದ್ದಕ್ಕೂ ಒಂದು ತೆಳ್ಳಗಿನ ಬಿದಿರು ಕಡ್ಡಿ ಅಂಟಿಸಿ. ಕಡ್ಡಿಯ ಎರಡೂ ತುದಿಗೆ ಒಂದೊಂದು ಚಿಕ್ಕ ಅಡ್ಡ ಕಡ್ಡಿ ಕಟ್ಟಿ, ಅವುಗಳಿಂದ ಮೇಲಕ್ಕೂ ಕೆಳಕ್ಕೂ ರಬ್ಬರ್ ಬ್ಯಾಂಡ್ ಎಳೆದು ಒಂದು ಮರದ ಚೌಕಟ್ಟಿಗೆ ಸಿಕ್ಕಿಸಿ. ಈಗ ಹಾಳೆ ಮೇಲೆ ಕೆಳಗೂ ಆಡಬಹುದು, ತಿರುಚಿಕೊಳ್ಳಲೂ ಬಹುದು. ಎದುರು ಪೆಡೆಸ್ಟಲ್ ಫ್ಯಾನ್ ಇಡಿ. ಹಿಂದಂಚಿಗೆ ಟೇಪಿನಿಂದ ಒಂದು ಸಣ್ಣ ನಟ್ಟು ಅಂಟಿಸಿ ಫ್ಯಾನ್ ವೇಗ ಹೆಚ್ಚಿಸಿ. ಬೆರಳಿನಿಂದ ಒಮ್ಮೆ ಮುಟ್ಟಿ ಬಿಟ್ಟರೆ ಸಾಕು, ನಡುಕ ತಾನೇ ಬೆಳೆಯುತ್ತದೆ. ಬೆಳೆಯದಿದ್ದರೆ ರಬ್ಬರ್ ಬ್ಯಾಂಡ್ ಸ್ವಲ್ಪ ಸಡಿಲಿಸಿ. ಆಮೇಲೆ ಅದೇ ನಟ್ಟನ್ನು ತೆಗೆದು ಮುಂದಂಚಿಗೆ ಅಂಟಿಸಿ, ಅದೇ ಗಾಳಿಯಲ್ಲಿ ಮತ್ತೆ ಮುಟ್ಟಿ ಬಿಡಿ. ಈಗ ಹಾಳೆ ಬೇಗ ತಣ್ಣಗಾಗುತ್ತದೆ. 1920ರ ದಶಕದ ಮೊದಲಲ್ಲಿ ನೆದರ್ಲೆಂಡ್ಸ್‌ನ ಎಂಜಿನಿಯರ್‌ಗಳು ವಿಮಾನದ ಏಲೆರಾನ್‌ಗಳ (ರೆಕ್ಕೆಯ ಹಿಂದಂಚಿನ ಆಡುವ ಹಲಗೆಗಳು) ಫ್ಲಟರ್ ನಿಲ್ಲಿಸಲು ಕಂಡುಕೊಂಡದ್ದೂ ಇದೇ, ತೂಕವನ್ನು ಮುಂದಕ್ಕೆ ತರುವುದು. ಫ್ಯಾನಿನ ಗಾಳಿ ಎರಡೂ ಸಲ ಒಂದೇ. ತಾಳ ಕೂಡುವ ಮಾತು ಇಲ್ಲಿ ಎಲ್ಲಿಂದ ಬಂತು ಅಂತ ಮಕ್ಕಳನ್ನೇ ಕೇಳಿ. ಬೆಂಗಳೂರಿನ ಪೂರ್ವ ಭಾಗದ ಯಾವುದಾದರೂ ಕಾಲೇಜಿನವರು ಕರೆದರೆ ಚೌಕಟ್ಟು, ರಬ್ಬರ್ ಬ್ಯಾಂಡ್, ನಟ್ಟು ಎಲ್ಲಾ ತೆಗೆದುಕೊಂಡು ನಾನೇ ಬರುತ್ತೇನೆ. ಫ್ಯಾನ್ ಮಾತ್ರ ಅವರು ಇಟ್ಟುಕೊಂಡಿರಲಿ.

ಇಂತಿ ನಿಮ್ಮ ಓದುಗಳು,
ನಿವೃತ್ತ ತಾಂತ್ರಿಕ ಸಹಾಯಕಿ
ಕಗ್ಗದಾಸಪುರ, ಬೆಂಗಳೂರು